ಅಂತೆ-ಕಂತೆಗಳ ಸಂತೆಯಲ್ಲಿ ಐನೂರು ಡಾಲರಿನ ಗಣಕಯಂತ್ರ



ಅಂಗಡಿಗೆ ಇನ್ನೂ ಬಾರದ ಒಂದು ಯಂತ್ರದ ಬಗ್ಗೆ ಲೋಕವೆಲ್ಲ ಎರಡು-ಮೂರು ವರ್ಷ ಮಾತಾಡಿದ ಕಾಲವೊಂದಿತ್ತು. 1995ರಿಂದ 1998ರವರೆಗಿನ ಮಾತು ಇದು. ಹೊಸದೊಂದು ಗಣಕಯಂತ್ರ ಬರುತ್ತದಂತೆ, ಐನೂರೇ ಡಾಲರಂತೆ, ಅದರೊಳಗೆ ಡಿಸ್ಕೇ ಇರುವುದಿಲ್ಲವಂತೆ, ಬೇಕಾದದ್ದೆಲ್ಲ ತಂತಿಯಲ್ಲಿ ಹರಿದು ಬರುತ್ತದಂತೆ. ನಮ್ಮ ಕನ್ನಡದಲ್ಲಿ ಇಂಥದ್ದಕ್ಕೆ ‘ಅಂತೆ-ಕಂತೆಗಳ ಸಂತೆ’ ಎನ್ನುತ್ತಾರೆ. ಆ ಸಂತೆಯಲ್ಲಿ ದೊಡ್ಡ ದೊಡ್ಡ ಕಂಪನಿಗಳೇ ಅಂಗಡಿ ಹೂಡಿದ್ದವು. ಯಂತ್ರ ಬಂದಿತು, ಆದರೆ ನಿಲ್ಲಲಿಲ್ಲ. ಅದರ ಹಿಂದಿದ್ದ ಆಲೋಚನೆ ಮಾತ್ರ ಬೇರೆ ವೇಷದಲ್ಲಿ ನಮ್ಮೆಲ್ಲರ ಅಂಗೈಗೇ ಬಂದು ಕುಳಿತಿದೆ. ಆ ಕಥೆಯನ್ನು ಇಂದು ನೋಡೋಣ. ರಾಜ್ಯದ ಗಡಿಯಾಚೆ ಕನ್ನಡವನ್ನು ಉಳಿಸಿಕೊಂಡಿರುವ ನಮ್ಮಂಥವರಿಗೆ ಆ ಕಥೆಯಲ್ಲಿ ಕೇಳಿಕೊಳ್ಳಬೇಕಾದ ಒಂದು ಪ್ರಶ್ನೆಯೂ ಇದೆ.

ಮೊದಲು ಈ ಯಂತ್ರದ ವಂಶಾವಳಿ. 1950ರ ದಶಕದಲ್ಲಿ ಗಣಕಯಂತ್ರವೆಂದರೆ ಒಂದು ಕೋಣೆಯನ್ನೇ ತುಂಬುವ, ಒಂದು ಸಂಸ್ಥೆ ಸಾಲ ಮಾಡಿ ಕೊಳ್ಳಬೇಕಾದಷ್ಟು ದುಬಾರಿಯ ವಸ್ತು. ಒಮ್ಮೆಗೆ ಒಬ್ಬರ ಕೆಲಸ ಮಾತ್ರ. ಉಳಿದವರು ಸರದಿಯಲ್ಲಿ ಕಾಯಬೇಕು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕಾರ್ಬಾಟೊ ಮತ್ತು ಸಂಗಡಿಗರು ಒಂದು ಉಪಾಯ ಮಾಡಿ ತೋರಿಸಿದರು. ಯಂತ್ರದ ಸಮಯವನ್ನು ಚೂರು ಚೂರು ಮಾಡಿ ಹಲವರಿಗೆ ಹಂಚುವುದು. ಯಂತ್ರ ಎಷ್ಟು ವೇಗವಾಗಿ ಒಬ್ಬರಿಂದ ಇನ್ನೊಬ್ಬರಿಗೆ ಹೊರಳುತ್ತದೆಂದರೆ, ಪ್ರತಿಯೊಬ್ಬರಿಗೂ ಅದು ತನ್ನೊಬ್ಬನದೇ ಎನ್ನಿಸುತ್ತದೆ. 1964ರಲ್ಲಿ ಡಾರ್ಟ್‌ಮತ್ ಕಾಲೇಜಿನ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಸ್ ಇದನ್ನೇ ಸಾಮಾನ್ಯ ವಿದ್ಯಾರ್ಥಿಗಳ ಮುಂದಿಟ್ಟರು. ಅವರಿಗಾಗಿಯೇ ಬೇಸಿಕ್ ಎಂಬ ಸರಳ ಭಾಷೆಯನ್ನೂ ರೂಪಿಸಿದರು.

ವಿದ್ಯಾರ್ಥಿಯ ಮುಂದೆ ಇರುತ್ತಿದ್ದದ್ದು ಒಂದು ಟೆಲಿಪ್ರಿಂಟರ್, ಮುಂದೆ ಪರದೆ ಮತ್ತು ಕೀಲಿಮಣೆ ಇರುವ ಪೆಟ್ಟಿಗೆ. ಇದಕ್ಕೆ ಟರ್ಮಿನಲ್ ಎಂದು ಹೆಸರು. 1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ಹೊರತಂದ ವಿಟಿ-100 ಎಂಬ ಟರ್ಮಿನಲ್ ಎಷ್ಟು ಹೆಸರಾಯಿತೆಂದರೆ, ಅದರ ರೀತಿನೀತಿಗಳನ್ನು ಇಂದಿಗೂ ತಂತ್ರಾಂಶಗಳು ಅನುಸರಿಸುತ್ತವೆ. ಟರ್ಮಿನಲ್ಲಿಗೆ ಸ್ವಂತ ಬುದ್ಧಿಯಿಲ್ಲ. ನಮ್ಮ ಮನೆಯ ನಲ್ಲಿ ಇದ್ದ ಹಾಗೆ. ನಲ್ಲಿಯಲ್ಲಿ ನೀರಿರುವುದಿಲ್ಲ, ನೀರಿರುವುದು ಊರಾಚೆಯ ಟ್ಯಾಂಕಿನಲ್ಲಿ. ನಮ್ಮ ದೇಶದಲ್ಲಿ ಜನಸಾಮಾನ್ಯರು ಇದನ್ನು ಮೊದಲು ಕಂಡದ್ದು ರೈಲ್ವೆ ರಿಸರ್ವೇಶನ್ ಕೌಂಟರಿನಲ್ಲಿ. 1980ರ ದಶಕದ ನಡುವೆ ದೆಹಲಿಯಲ್ಲಿ ಸಿಎಂಸಿ ಸಂಸ್ಥೆ ರೂಪಿಸಿದ ಕಾಯ್ದಿರಿಸುವ ವ್ಯವಸ್ಥೆ ಶುರುವಾಯಿತು. ಗುಮಾಸ್ತರ ಮುಂದಿದ್ದದ್ದು ಬರೀ ಪರದೆ. ಸೀಟಿನ ಲೆಕ್ಕವೆಲ್ಲ ಕೇಂದ್ರದ ಗಣಕದಲ್ಲಿ.

1981ರಲ್ಲಿ ಐಬಿಎಂ ಕಂಪನಿಯ ಪಿಸಿ ಬಂದ ಮೇಲೆ ಗಾಳಿ ಬದಲಾಯಿತು. ಸ್ವಂತ ಬುದ್ಧಿ, ಸ್ವಂತ ನೆನಪು, ಸ್ವಂತ ಡಿಸ್ಕು ಎಲ್ಲ ಮೇಜಿನ ಮೇಲೆಯೇ. ಮನೆಮನೆಗೂ ಬಾವಿ ತೋಡಿದಂತಾಯಿತು. ಆದರೆ ಬಾವಿಯ ಖರ್ಚು ಬಾವಿಯ ಒಡೆಯನದೇ ತಾನೆ? ಎರಡು-ಮೂರು ವರ್ಷಕ್ಕೊಮ್ಮೆ ಹೊಸ ಪ್ರೊಸೆಸರ್, ಹೊಸ ತಂತ್ರಾಂಶ, ಅದಕ್ಕೆ ಇನ್ನಷ್ಟು ಮೆಮೊರಿ. ಪ್ರೊಸೆಸರಿಗೆ ಇಂಟೆಲ್, ತಂತ್ರಾಂಶಕ್ಕೆ ಮೈಕ್ರೋಸಾಫ್ಟ್; ಇವೆರಡರ ಹಿಡಿತ ಬಿಗಿಯಾಗುತ್ತಾ ಹೋಯಿತು. 1995ರ ಆಗಸ್ಟ್ 24ರಂದು ವಿಂಡೋಸ್-95 ಬಿಡುಗಡೆಯಾದಾಗ ಆ ಹಿಡಿತ ತುತ್ತತುದಿ ಮುಟ್ಟಿದಂತಿತ್ತು.

ಅದಾಗಿ ಎರಡು ವಾರವೂ ಕಳೆದಿರಲಿಲ್ಲ. ಸೆಪ್ಟೆಂಬರ್ ಮೊದಲ ವಾರ ಪ್ಯಾರಿಸ್ಸಿನ ಒಂದು ಸಮ್ಮೇಳನದಲ್ಲಿ ಒರಾಕಲ್ ಕಂಪನಿಯ ಮುಖ್ಯಸ್ಥ ಲ್ಯಾರಿ ಎಲಿಸನ್ ಪಿಸಿಯ ಕಾಲ ಮುಗಿಯಿತೆಂಬ ಧಾಟಿಯಲ್ಲಿ ಮಾತಾಡಿದರು. ಅದೇ ಸಮ್ಮೇಳನಕ್ಕೆ ಮೈಕ್ರೋಸಾಫ್ಟಿನ ಬಿಲ್ ಗೇಟ್ಸ್ ಕೂಡ ಬಂದಿದ್ದರು. ಐನೂರು ಡಾಲರಿಗೆ, ಅಂದರೆ ಅಂದಿನ ವಿನಿಮಯ ದರದಲ್ಲಿ ಹದಿನಾರು-ಹದಿನೇಳು ಸಾವಿರ ರೂಪಾಯಿಗೆ, ಒಂದು ‘ನೆಟ್‌ವರ್ಕ್ ಕಂಪ್ಯೂಟರ್’ ಬರಲಿದೆ. ತಂತ್ರಾಂಶ, ಕಡತ ಎಲ್ಲವೂ ದೂರದ ಸರ್ವರಿನಲ್ಲಿರುತ್ತವೆ. ಮನೆಯಲ್ಲಿರುವುದು ಒಂದು ಸರಳ ಪೆಟ್ಟಿಗೆ ಮಾತ್ರ ಎಂಬುದು ಅವರ ವಾದ.

ಇಂಥ ಮಾತಿಗೆ ಪ್ಯಾರಿಸ್ ತಕ್ಕ ಜಾಗವೇ ಆಗಿತ್ತು. ಫ್ರಾನ್ಸಿನ ದೂರವಾಣಿ ಇಲಾಖೆ 1982ರಿಂದಲೇ ಮಿನಿಟೆಲ್ ಎಂಬ ಪುಟ್ಟ ಟರ್ಮಿನಲ್ಲನ್ನು ಫೋನ್ ಗ್ರಾಹಕರಿಗೆ ಉಚಿತವಾಗಿ ಕೊಡುತ್ತಾ ಬಂದಿತ್ತು. ದಪ್ಪನೆಯ ಟೆಲಿಫೋನ್ ಡೈರೆಕ್ಟರಿ ಅಚ್ಚು ಹಾಕುವ ಬದಲು ಈ ಪೆಟ್ಟಿಗೆಯಲ್ಲೇ ನಂಬರು ಹುಡುಕಲಿ ಎಂಬುದು ಮೂಲ ಲೆಕ್ಕ. ಅದರಲ್ಲೇ ರೈಲು ಟಿಕೆಟ್, ಬ್ಯಾಂಕ್ ವ್ಯವಹಾರ, ಅಂಗಡಿ ಸಾಮಾನು ಎಲ್ಲ ನಡೆಯತೊಡಗಿತು. ಹೀಗೆ ಬುದ್ಧಿಯಿಲ್ಲದ ಅಗ್ಗದ ಪೆಟ್ಟಿಗೆಯಿಂದ ಒಂದು ದೇಶವೇ ಕೆಲಸ ತೆಗೆದುಕೊಳ್ಳಬಹುದೆಂದು ಫ್ರಾನ್ಸ್ ಆಗಲೇ ತೋರಿಸಿತ್ತು.

ಇಲ್ಲದ ಯಂತ್ರದ ಸುದ್ದಿಯೂ ವ್ಯಾಪಾರದಲ್ಲಿ ಒಂದು ಆಯುಧವೇ. ಇದಕ್ಕೆ ಹಳೆಯ ನಿದರ್ಶನವೊಂದಿದೆ. 1964ರಲ್ಲಿ ಕಂಟ್ರೋಲ್ ಡೇಟಾ ಎಂಬ ಕಂಪನಿ ಸೈಮೋರ್ ಕ್ರೇ ರೂಪಿಸಿದ 6600 ಎಂಬ ಗಣಕವನ್ನು ಹೊರತಂದಿತು. ಅಂದಿನ ಲೋಕದಲ್ಲಿ ಅದಕ್ಕಿಂತ ವೇಗದ ಯಂತ್ರವಿರಲಿಲ್ಲ. ಅದೇ ವರ್ಷ ಐಬಿಎಂ ತಾನೂ ಅಂಥದ್ದೊಂದನ್ನು ತರುತ್ತೇನೆಂದು ಘೋಷಿಸಿತು. ಆ ಯಂತ್ರ ಕಾಗದದ ಮೇಲಷ್ಟೇ ಇತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ. ಆದರೂ ಕೊಳ್ಳುವವರು ‘ನೋಡೋಣ, ಐಬಿಎಂನದು ಬರಲಿ’ ಎಂದು ಕೈಕಟ್ಟಿ ಕುಳಿತರು. ಐಬಿಎಂ ಯಂತ್ರ ಗ್ರಾಹಕರ ಕೈಸೇರಿದ್ದು 1967ರಲ್ಲಿ, ಅದೂ ಬೆರಳೆಣಿಕೆಯಷ್ಟು. ಕಂಟ್ರೋಲ್ ಡೇಟಾ 1968ರ ಡಿಸೆಂಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. 1973ರಲ್ಲಿ ರಾಜಿಯಾಗಿ, ಐಬಿಎಂ ತನ್ನದೊಂದು ಅಂಗಸಂಸ್ಥೆಯನ್ನೇ ಅದಕ್ಕೆ ಬಿಟ್ಟುಕೊಡಬೇಕಾಯಿತು.

ನೆಟ್‌ವರ್ಕ್ ಕಂಪ್ಯೂಟರಿನ ಸುದ್ದಿಯೂ ಹೀಗೆಯೇ ಹಬ್ಬಿತು. ಪೆಟ್ಟಿಗೆ ಹೇಗಿರುತ್ತದೆ? ಟಿವಿಗೆ ಜೋಡಿಸಬಹುದೇ? ಒಳಗೆ ಯಾರ ಚಿಪ್ಪು? ದಿನಕ್ಕೊಂದು ಊಹೆ. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1995ರಲ್ಲೇ ಜಾವಾ ಭಾಷೆಯನ್ನು ಪ್ರಕಟಿಸಿತ್ತು. ಒಮ್ಮೆ ಬರೆದ ಜಾವಾ ತಂತ್ರಾಂಶ ಯಾವ ಯಂತ್ರದ ಮೇಲಾದರೂ ಓಡಬೇಕೆಂಬುದು ಅದರ ಗುರಿ. ಹಾಗಾದರೆ ವಿಂಡೋಸ್ ಏಕೆ ಬೇಕು ಎಂದು ಜನ ಕೇಳತೊಡಗಿದರು. 1996ರ ಮೇ ತಿಂಗಳಲ್ಲಿ ಒರಾಕಲ್, ಸನ್, ಐಬಿಎಂ, ಆಪಲ್ ಮತ್ತು ನೆಟ್‌ಸ್ಕೇಪ್ ಈ ಐದೂ ಕಂಪನಿಗಳು ಒಟ್ಟಾಗಿ ನೆಟ್‌ವರ್ಕ್ ಕಂಪ್ಯೂಟರ್ ಎಂದರೆ ಏನಿರಬೇಕೆಂಬ ಲಕ್ಷಣಪಟ್ಟಿಯನ್ನು ಹೊರಡಿಸಿದವು. ಪರದೆ ಇಷ್ಟು ಚುಕ್ಕಿಯದಿರಬೇಕು, ಧ್ವನಿ ಇರಬೇಕು, ಜಾವಾ ಓಡಬೇಕು. ಡಿಸ್ಕು ಇರಲೇಬೇಕೆಂಬ ಕಟ್ಟಳೆ ಇರಲಿಲ್ಲ.

ಎದುರು ಪಾಳಯ ಸುಮ್ಮನಿರುತ್ತದೆಯೇ? 1996ರ ಅಕ್ಟೋಬರ್ 28ರಂದು ಮೈಕ್ರೋಸಾಫ್ಟ್ ಮತ್ತು ಇಂಟೆಲ್ ‘ನೆಟ್ ಪಿಸಿ’ ಎಂಬ ತಮ್ಮದೇ ಯೋಜನೆಯನ್ನು ಸಾರಿದವು. ಮರುದಿನವೇ ಸನ್ ‘ಜಾವಾ ಸ್ಟೇಷನ್’ ಎಂಬ ಪೆಟ್ಟಿಗೆಯನ್ನು ಪ್ರದರ್ಶಿಸಿತು. ಅದರ ಆರಂಭದ ಬೆಲೆ 742 ಡಾಲರ್, ಅದೂ ಪರದೆ ಬಿಟ್ಟು. ಐನೂರರ ಮಾತು ಅಲ್ಲಿಗೇ ಸಡಿಲವಾಯಿತು.

ಮುಂದಿನ ಎರಡು ವರ್ಷದಲ್ಲಿ ಕಥೆ ತಿರುಗಿತು. ಮೊದಲನೆಯದಾಗಿ, ಪಿಸಿಯ ಬೆಲೆಯೇ ಇಳಿಯಿತು. 1997ರಲ್ಲಿ ಕಾಂಪ್ಯಾಕ್ ಕಂಪನಿ 999 ಡಾಲರಿಗೆ ಪಿಸಿ ಕೊಡತೊಡಗಿತು, ಉಳಿದವರೂ ಹಿಂಬಾಲಿಸಿದರು. ಎರಡನೆಯದು, ತಂತಿಯ ಬಡತನ. ಅಂದಿನ ಒಳ್ಳೆಯ ಮೋಡೆಮ್ ಎಂದರೆ ಸೆಕೆಂಡಿಗೆ 28.8 ಕಿಲೋಬಿಟ್. ಒಂದು ಮೆಗಾಬೈಟ್ ಇಳಿಯಬೇಕಾದರೆ ಐದು ನಿಮಿಷದ ಹತ್ತಿರ ಹಿಡಿಯುತ್ತಿತ್ತು. ಡಿಸ್ಕಿಲ್ಲದ ಯಂತ್ರಕ್ಕೆ ಪ್ರತಿದಿನ ಎಲ್ಲವನ್ನೂ ಹೀಗೆ ಇಳಿಸಿಕೊಳ್ಳುವುದು ಸಾಧ್ಯವೇ? ಪೈಪೇ ಪೆನ್ಸಿಲಿನಷ್ಟು ಸಣ್ಣದಾದರೆ ನಲ್ಲಿ ಎಷ್ಟು ಚೆಂದವಿದ್ದು ಏನು ಫಲ? ಮೂರನೆಯದು, ಆಗಿನ ಚಿಪ್ಪುಗಳ ಮೇಲೆ ಜಾವಾ ಮೆಲ್ಲಗೆ ಓಡುತ್ತಿತ್ತು. ನೆಟ್‌ವರ್ಕ್ ಕಂಪ್ಯೂಟರಿಗಾಗಿ ಒರಾಕಲ್ ಕಟ್ಟಿದ್ದ ಅಂಗಸಂಸ್ಥೆ 1999ರಲ್ಲಿ ಹೆಸರು ಬದಲಿಸಿ ಟಿವಿ ಪೆಟ್ಟಿಗೆಗಳ ತಂತ್ರಾಂಶಕ್ಕೆ ಹೊರಳಿತು. ಎಲಿಸನ್ 2000ದಲ್ಲಿ 199 ಡಾಲರಿನ ಇನ್ನೊಂದು ಪೆಟ್ಟಿಗೆ ತಂದರು. 2003ರಲ್ಲಿ ಆ ಕಂಪನಿಯೂ ಮುಚ್ಚಿತು.

ಸೋತವರ ಸಾಲಿನಲ್ಲಿ ಎರಡು ಬೀಜಗಳು ಉಳಿದವು. ಒಂದು, ಸನ್ ಕಂಪನಿ 1999ರಲ್ಲಿ ತಂದ ‘ಸನ್ ರೇ’. ಇದು ನಿಜವಾದ ಥಿನ್ ಕ್ಲೈಂಟ್, ಎಂದರೆ ಸ್ವಂತವಾಗಿ ಏನನ್ನೂ ಇಟ್ಟುಕೊಳ್ಳದ ಪೆಟ್ಟಿಗೆ. ಅದರಲ್ಲಿ ಒಂದು ಸ್ಮಾರ್ಟ್ ಕಾರ್ಡಿನ ಸೀಳು ಇತ್ತು. ಕಾರ್ಡು ತೆಗೆದು ಪಕ್ಕದ ಕೋಣೆಯ ಪೆಟ್ಟಿಗೆಗೆ ತುರುಕಿದರೆ, ಅರ್ಧಕ್ಕೆ ಬಿಟ್ಟ ವಾಕ್ಯವೂ ಅಲ್ಲಿ ಹಾಗೆಯೇ ಎದ್ದು ನಿಲ್ಲುತ್ತಿತ್ತು. ಇನ್ನೊಂದು, ಚಿಪ್ಪು. ಒರಾಕಲ್ಲಿಗಾಗಿ ಮಾದರಿ ಪೆಟ್ಟಿಗೆಯನ್ನು ರೂಪಿಸಿದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿ. ಅದರೊಳಗೆ ಏಕಾರ್ನಿನಲ್ಲೇ 1985ರಲ್ಲಿ ಹುಟ್ಟಿದ ಆರ್ಮ್ ವಂಶದ ಚಿಪ್ಪಿತ್ತು. ಏಕಾರ್ನ್ ಮುಳುಗಿತು. ಕಡಿಮೆ ವಿದ್ಯುತ್ತಿನಲ್ಲಿ ಓಡುವ ಆ ಚಿಪ್ಪಿನ ವಂಶ ಮಾತ್ರ ಇಂದು ಹೆಚ್ಚುಕಡಿಮೆ ಎಲ್ಲ ಮೊಬೈಲ್ ಫೋನುಗಳಲ್ಲೂ ಇದೆ.

ಇನ್ನು ನಮ್ಮ ನಾಡಿನ ಕಡೆ ನೋಡೋಣ. ಸಂಚಾರ ನಿಗಮ ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ತೆರೆಯಿತು. ವಿದ್ಯಾರ್ಥಿಗಳಿಗೆ ಸಿಗುತ್ತಿದ್ದ ಅಗ್ಗದ ಖಾತೆಗೆ ‘ಶೆಲ್’ ಖಾತೆ ಎಂದು ಹೆಸರು. ಅದರಲ್ಲಿ ಚಿತ್ರವಿಲ್ಲ, ಬರೀ ಅಕ್ಷರ. ಸಾವಿರಾರು ರೂಪಾಯಿಯ ಪಿಸಿ ಕೂಡ ಆ ಖಾತೆಯ ಮುಂದೆ ವಿಟಿ-100 ಟರ್ಮಿನಲ್ಲಿನ ವೇಷ ಹಾಕಿ ಕೂರಬೇಕಿತ್ತು. ಆ ಕಡೆಯ ಯಂತ್ರಕ್ಕೆ ತಿಳಿದಿದ್ದ ಲಿಪಿ ಇಂಗ್ಲಿಷ್ ಒಂದೇ. ಕನ್ನಡಿಗರು ಅಲ್ಲಿ ‘ನಮಸ್ಕಾರ’ವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆದರು.

ಅದಕ್ಕೂ ಮೊದಲೇ ಈ ದೇಶದಲ್ಲಿ ಕನ್ನಡ ಬಲ್ಲ ಟರ್ಮಿನಲ್ ಇತ್ತು ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಕಾನ್ಪುರದ ಐಐಟಿಯಲ್ಲಿ 1980ರ ದಶಕದಲ್ಲಿ ಶುರುವಾದ ಕೆಲಸವನ್ನು, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ ಮುಂದುವರಿಸಿತು. ಅದರ ಫಲ ‘ಜಿಸ್ಟ್’ ಎಂಬ ತಂತ್ರ. ಪಿಸಿಯೊಳಗೆ ಕೂರಿಸುವ ಜಿಸ್ಟ್ ಕಾರ್ಡೂ ಇತ್ತು, ದೊಡ್ಡ ಗಣಕಕ್ಕೆ ಜೋಡಿಸುವ ಜಿಸ್ಟ್ ಟರ್ಮಿನಲ್ಲೂ ಇತ್ತು. ಅದರ ತಳದಲ್ಲಿದ್ದದ್ದು ‘ಇಸ್ಕಿ’ ಎಂಬ ಸಂಕೇತ ಪದ್ಧತಿ. 1991ರಲ್ಲಿ ಅದು ಭಾರತೀಯ ಮಾನಕವಾಯಿತು. ಕನ್ನಡದ ಕ, ತೆಲುಗಿನ ಕ, ಮಲಯಾಳದ ಕ, ದೇವನಾಗರಿಯ ಕ ಎಲ್ಲಕ್ಕೂ ಅದರಲ್ಲಿ ಒಂದೇ ಸಂಖ್ಯೆ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದು ಒಂದು ಗುಂಡಿಯ ಕೆಲಸ. ತಮಿಳಿನಲ್ಲಿ ಖ, ಗ, ಘಗಳಿಗೆ ಬೇರೆ ಅಕ್ಷರವಿಲ್ಲದ್ದರಿಂದ ಅಲ್ಲೊಂದು ತೊಡಕು. ಉಳಿದಂತೆ, ಮಲಯಾಳದಲ್ಲಿ ತುಂಬಿಸಿದ ಹೆಸರು ಕನ್ನಡದಲ್ಲೂ, ತೆಲುಗಿನಲ್ಲಿ ತುಂಬಿಸಿದ್ದು ಕನ್ನಡದಲ್ಲೂ ತೋರಬಲ್ಲುದು. ಮಂಜೇಶ್ವರ, ಮಡಕಶಿರಾ, ಅಕ್ಕಲಕೋಟೆಯಂಥ ಊರುಗಳಿಗೆ ಇದಕ್ಕಿಂತ ಒಪ್ಪುವ ಯಂತ್ರ ಬೇರೆ ಯಾವುದಿದ್ದೀತು?

ಆದರೆ ಕೇಳುಗರೆ, ಇಲ್ಲೊಂದು ಸೂಕ್ಷ್ಮವಿದೆ. ದಾಖಲೆಯಲ್ಲಿ ‘ಮಂಜೇಶ್ವರ’ ಎಂದು ತುಂಬಿಸಿದ್ದರೆ ಎಲ್ಲ ಲಿಪಿಯಲ್ಲೂ ಮಂಜೇಶ್ವರವೇ. ‘ಮಂಜೇಶ್ವರಂ’ ಎಂದು ತುಂಬಿಸಿದ್ದರೆ ಕನ್ನಡ ಲಿಪಿಯಲ್ಲೂ ‘ಮಂಜೇಶ್ವರಂ’ ಎಂದೇ ಬರುತ್ತದೆ. ಟರ್ಮಿನಲ್ ಲಿಪಿಯನ್ನು ಕೊಡಬಲ್ಲುದು. ಹೆಸರನ್ನು ಕೊಡುವವರು ಕೇಂದ್ರದ ಗಣಕದಲ್ಲಿ ದಾಖಲೆ ತುಂಬಿಸುವವರು.

ಐನೂರು ಡಾಲರಿನ ಕನಸು ಬೆಂಗಳೂರಿನಲ್ಲೂ ಒಂದು ರೂಪ ತಾಳಿತು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಕಂಪನಿಯ ತಂತ್ರಜ್ಞರು ಸೇರಿ 1999ರಲ್ಲಿ ಒಂದು ಟ್ರಸ್ಟ್ ಮಾಡಿಕೊಂಡು ‘ಸಿಂಪ್ಯೂಟರ್’ ಎಂಬ ಅಂಗೈ ಗಣಕಕ್ಕೆ ಕೈಹಾಕಿದರು. 2001ರ ಏಪ್ರಿಲಿನಲ್ಲಿ ಮಾದರಿ ಹೊರಬಂತು. ಬೆಲೆ ಒಂಬತ್ತು ಸಾವಿರ ರೂಪಾಯಿಯ ಆಸುಪಾಸಿಗೆ ಇಳಿಯಬೇಕೆಂಬ ಆಸೆ. ಓದುಬರಹ ಬಾರದವರಿಗೆ ಕನ್ನಡ, ಹಿಂದಿ, ತಮಿಳಿನಲ್ಲಿ ಓದಿ ಹೇಳುವ ಸೌಲಭ್ಯ ಅದರಲ್ಲಿತ್ತು. ಒಂದು ಯಂತ್ರವನ್ನು ಊರಿನವರೆಲ್ಲ ಹಂಚಿಕೊಳ್ಳಲಿ, ಪ್ರತಿಯೊಬ್ಬರ ಮಾಹಿತಿ ಅವರವರ ಸ್ಮಾರ್ಟ್ ಕಾರ್ಡಿನಲ್ಲಿರಲಿ ಎಂಬುದು ಅದರ ತತ್ವ. ಸನ್ ರೇ ಪೆಟ್ಟಿಗೆಯಲ್ಲೂ ಕಾರ್ಡಿತ್ತು. ಆದರೆ ಅದು ದೂರದ ಸರ್ವರಿಗೆ ಬೀಗದಕೈ ಮಾತ್ರ. ಸಿಂಪ್ಯೂಟರಿನಲ್ಲಿ ಕಾರ್ಡೇ ಪೆಟ್ಟಿಗೆ, ಅದು ರೈತನ ಜೇಬಿನಲ್ಲೇ ಇರುತ್ತಿತ್ತು. ಒಳಗಿದ್ದ ಚಿಪ್ಪು ಅದೇ ಆರ್ಮ್ ವಂಶದ್ದು.

ಮಾರುಕಟ್ಟೆಗೆ ‘ಅಮಿಡಾ’ ಎಂಬ ಹೆಸರಿನ ಸಿಂಪ್ಯೂಟರ್ ಬಂದದ್ದು 2004ರ ಮಾರ್ಚಿನಲ್ಲಿ. ತಯಾರಿಕೆ ಬಿಇಎಲ್ ಸಂಸ್ಥೆಯದು. ಕರ್ನಾಟಕದ ‘ಭೂಮಿ’ ಯೋಜನೆಯ ಕೆಲಸಕ್ಕೂ ಸಿಂಪ್ಯೂಟರನ್ನು ಬಳಸಿದ್ದುಂಟು. ಮಾರಾಟವಾದದ್ದು ಮಾತ್ರ ಕೆಲವೇ ಸಾವಿರ. ಅಷ್ಟರಲ್ಲಿ ಮೊಬೈಲ್ ಫೋನು ಹಳ್ಳಿಹಳ್ಳಿಗೆ ನುಗ್ಗಿತ್ತು.

ಆಮೇಲೆ ಬಂದದ್ದನ್ನು ನೀವೆಲ್ಲ ಬಲ್ಲಿರಿ. ಪೈಪು ದಪ್ಪವಾಯಿತು. 2011ರಲ್ಲಿ ಗೂಗಲ್ ಕಂಪನಿಯ ಕ್ರೋಮ್‌ಬುಕ್ ಬಂತು. ಅದರ ಕೆಲಸವೆಲ್ಲ ದೂರದ ಸರ್ವರನ್ನೇ ನಂಬಿಕೊಂಡದ್ದು, ಬೆಲೆ ಐನೂರು ಡಾಲರಿನ ಒಳಗೇ. 1995ರ ಗಾಳಿಸುದ್ದಿ ಹದಿನಾರು ವರ್ಷದ ಮೇಲೆ ನಿಜವಾದಂತೆ. ಮಿನಿಟೆಲ್ ಸೇವೆ 2012ರ ಜೂನ್ 30ರಂದು ನಿಂತಿತು. ನಮ್ಮ ಕೈಯಲ್ಲಿರುವ ಫೋನಿಗೆ ಸ್ವಂತ ಬುದ್ಧಿ ಬೇಕಾದಷ್ಟಿದೆ. ಆದರೂ ಬ್ಯಾಂಕಿನ ಲೆಕ್ಕ, ಪಡಿತರ, ಪಹಣಿ, ಟಿಕೆಟ್ಟು ಎಂದು ಹೊರಟರೆ ಅದು ರೈಲ್ವೆ ಕೌಂಟರಿನ ಪರದೆಯಂತೆ ವರ್ತಿಸುತ್ತದೆ. ನೀರು ಮತ್ತೆ ಟ್ಯಾಂಕಿನಲ್ಲೇ.

ಈಗ, ಮೊದಲು ಹೇಳಿದ ಪ್ರಶ್ನೆಗೆ ಬರೋಣ. ನಮ್ಮ ಅಕ್ಷರ ಯಾರ ಮನೆಯಲ್ಲಿದೆ?

ಸಂವಿಧಾನದ 350ನೆಯ ಅನುಚ್ಛೇದದಂತೆ, ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಜನ ತಮ್ಮ ಅಹವಾಲನ್ನು ಅಧಿಕಾರಿಗಳಿಗೆ ಸಲ್ಲಿಸಬಹುದು. ಕೇರಳದ 1969ರ ರಾಜಭಾಷಾ ಶಾಸನದಲ್ಲಿ ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರು ಸರ್ಕಾರದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ಮಾಡಬಹುದೆಂದು ಇದೆ. ಇವು ಕಾಗದದ ಕಾಲದ ಹಕ್ಕುಗಳು. ಕಾಗದಕ್ಕೆ ಎಲ್ಲ ಲಿಪಿಯೂ ಒಂದೇ. ಲೇಖನಿಗೆ ಕನ್ನಡ ಬರುತ್ತದೆಯೇ ಎಂದು ಯಾರೂ ಕೇಳಬೇಕಾಗಿರಲಿಲ್ಲ, ಬರೆಯುವ ಕೈಗೆ ಬಂದರೆ ಸಾಕಿತ್ತು. ಅರ್ಜಿ ಪರದೆಯ ಮೇಲೆ ಬಂದಾಗ ಹಾಗಲ್ಲ. ನಿಮ್ಮ ಫೋನಿಗೆ ಕನ್ನಡ ಬರುತ್ತದೆ, ನಿಮಗೂ ಬರುತ್ತದೆ. ಆದರೆ ಆಚೆಯ ಸರ್ವರಿನ ನಮೂನೆಯಲ್ಲಿ ಕನ್ನಡಕ್ಕೆ ಜಾಗವಿಟ್ಟಿರದಿದ್ದರೆ ಹಕ್ಕು ಕಾನೂನಿನ ಪುಸ್ತಕದಲ್ಲೇ ಉಳಿಯುತ್ತದೆ. ಯಾರೂ ನಿಮ್ಮನ್ನು ತಡೆದಿರುವುದಿಲ್ಲ. ಪಟ್ಟಿಯಲ್ಲಿ ನಿಮ್ಮ ಭಾಷೆ ಇರುವುದಿಲ್ಲ, ಅಷ್ಟೇ. ಒಂದು ಜಿಲ್ಲೆಯ ಕನ್ನಡಿಗರು ಇಡೀ ರಾಜ್ಯದ ಲೆಕ್ಕದಲ್ಲಿ ಕೆಲವೇ ಮಂದಿ ಎನ್ನಿಸುವುದರಿಂದ, ತಿರುವನಂತಪುರ, ಚೆನ್ನೈ ಅಥವಾ ಮುಂಬಯಿಯಲ್ಲಿ ನಮೂನೆ ರೂಪಿಸುವವರಿಗೆ ಇದು ನೆನಪಿಗೇ ಬಾರದಿರಬಹುದು. ಆದ್ದರಿಂದ ನೆನಪಿಸುವ ಕೆಲಸ ನಮ್ಮದು.

ಇದಕ್ಕೆ ದಾರಿಯಿಲ್ಲವೆಂದಲ್ಲ. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡವಿದೆ, ಅದರ ಅಕ್ಷರಗಳ ಜೋಡಣೆ ಇಸ್ಕಿಯಿಂದಲೇ ಬಂದದ್ದು. ಸಂಕೇತದ ಮಟ್ಟಿಗೆ ಇಂದು ಯಾವ ಸರ್ವರೂ ಕನ್ನಡ ತಿಳಿಯದೆಂದು ನೆಪ ಹೇಳುವಂತಿಲ್ಲ. ಗ್ನೋಮ್, ಕೆಡಿಇ ಎಂಬ ಸ್ವತಂತ್ರ ತಂತ್ರಾಂಶಗಳಿಗೆ ಕನ್ನಡದ ಉಡುಗೆ ತೊಡಿಸಿದವರಲ್ಲಿ ಸಂಬಳವಿಲ್ಲದೆ ದುಡಿದ ಸ್ವಯಂಸೇವಕರಿದ್ದರು. ಆ ತಂತ್ರಾಂಶಗಳ ಒಳಗನ್ನು ಯಾರಾದರೂ ತೆರೆದು ತಿದ್ದಬಹುದಾದ್ದರಿಂದ, ಅವರು ಯಾವ ಕಂಪನಿಯ ಒಪ್ಪಿಗೆಗೂ ಕಾಯಬೇಕಾಗಲಿಲ್ಲ.

ಹೊಸ ಯಂತ್ರದ ಸುದ್ದಿ ಇನ್ನೂ ಬರುತ್ತಲೇ ಇರುತ್ತದೆ. ಅಗ್ಗವಂತೆ, ಮಾತಾಡುತ್ತದಂತೆ, ಎಲ್ಲವನ್ನೂ ತಾನೇ ಮಾಡುತ್ತದಂತೆ. ಕೇಳೋಣ, ಕುತೂಹಲ ತಪ್ಪಲ್ಲ. ಆದರೆ ಶಾಲೆಗೋ ಪಂಚಾಯಿತಿಗೋ ಗ್ರಂಥಾಲಯಕ್ಕೋ ಅದು ಬಂದ ದಿನ ಬೆಲೆಯ ಜೊತೆಗೆ ಮೂರು ಮಾತು ವಿಚಾರಿಸಿಕೊಳ್ಳೋಣ. ಇದರ ನೆನಪು ಎಲ್ಲಿರುತ್ತದೆ? ತಂತಿ ಕಡಿದ ದಿನ ಇದರಿಂದ ಏನು ಕೆಲಸವಾಗುತ್ತದೆ? ನಮ್ಮ ಊರಿನ ಹೆಸರನ್ನು ಇದರಲ್ಲಿ ಬರೆಯುವವರು ಯಾರು? ಈ ಮೂರನ್ನೂ ಅರ್ಜಿಯಲ್ಲಿ ಬರೆದು ಕೇಳಬಹುದು. ಕನ್ನಡದಲ್ಲೇ ಬರೆದು ಕೇಳಬಹುದು.